ಕೊಲ್ಲಿಯಲ್ಲೊಂದು ನ್ಯಾಯ, ಸಂಡೂರಿನಲ್ಲೊಂದು ನ್ಯಾಯವೇ?

2013ರಲ್ಲಿ ಸೌದಿ ಅರೇಬಿಯಾ, ದಾಖಲೆಯಿಲ್ಲದ ವಿದೇಶಿ ಕಾರ್ಮಿಕರಿಗೆ ತಮ್ಮ ಸ್ಥಿತಿಯನ್ನು ಸಕ್ರಮಗೊಳಿಸಿಕೊಳ್ಳಲು ನವೆಂಬರ್ 3ರವರೆಗೆ ಕಾಲಾವಕಾಶ ನೀಡಿತು. 2024ರಲ್ಲಿ ಯುಎಇ ಕೂಡ ಸೆಪ್ಟೆಂಬರ್‌ನಿಂದ ವರ್ಷಾಂತ್ಯದವರೆಗೆ ಕ್ಷಮಾದಾನ ಘೋಷಿಸಿತು. ಕೊಲ್ಲಿಯಲ್ಲಿ ಮಕ್ಕಳನ್ನು ಬಿಟ್ಟಿರುವ ನಾವು ಅದನ್ನು ನ್ಯಾಯವೆಂದೇ ಸ್ವಾಗತಿಸಿದೆವು.

ಆದರೆ ಸಂಡೂರಿನ ಗಣಿಗಳಿಗೆ, ಕಂಪ್ಲಿಯ ಅಕ್ಕಿ ಗಿರಣಿಗಳಿಗೆ, ಹೊಸಪೇಟೆ-ಹಂಪಿಯ ವಸತಿಗೃಹಗಳಿಗೆ ದುಡಿಯಲು ಬರುವ ಬಿಹಾರ, ಒಡಿಶಾ, ಬಂಗಾಳದ ಯುವಕರ ಮಾತು ಬಂದಾಗ ನಮ್ಮ ನಾಲಿಗೆ ಬದಲಾಗುತ್ತದೆ. ಅವರು ಈ ದೇಶದ ಪ್ರಜೆಗಳು, ವೀಸಾ ಬೇಕಿಲ್ಲ. ಆದರೂ ಹಾಜರಿ ಪುಸ್ತಕದಲ್ಲಿ ಹೆಸರಿಲ್ಲದವನು ಸ್ವದೇಶದಲ್ಲೇ ಅಕ್ರಮ ವಲಸಿಗನಂತೆ ಬಾಳುತ್ತಾನೆ. ಗುತ್ತಿಗೆದಾರನು ವಲಸೆ ಕಾರ್ಮಿಕನಿಗೆ ಭಾವಚಿತ್ರ ಸಹಿತ ಪಾಸ್‌ಬುಕ್ ನೀಡಬೇಕೆಂದು 1979ರ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯ್ದೆಯೇ ವಿಧಿಸಿತ್ತು. ಅದನ್ನು ಕಣ್ಣಾರೆ ಕಂಡವರು ನಮ್ಮಲ್ಲಿ ಎಷ್ಟು ಮಂದಿ?

ದಾಖಲೆ ಕೊಟ್ಟರೆ ಸ್ಥಳೀಯರ ಕೂಲಿ ಕುಸಿಯುತ್ತದೆ ಎನ್ನುವವರಿದ್ದಾರೆ. ವಾಸ್ತವ ಇದಕ್ಕೆ ವಿರುದ್ಧ. ದೂರು ಕೊಡಲಾಗದವನು ಅಗ್ಗಕ್ಕೆ ಸಿಗುತ್ತಾನೆ. ಆ ಅಗ್ಗದ ದರವೇ ಸ್ಥಳೀಯನ ಕೂಲಿಯನ್ನೂ ಕೆಳಗೆಳೆಯುತ್ತದೆ. 2005ರಲ್ಲಿ ಸ್ಪೇನ್ ಐದೂವರೆ ಲಕ್ಷಕ್ಕೂ ಅಧಿಕ ವಲಸಿಗರನ್ನು ಸಕ್ರಮಗೊಳಿಸಿದಾಗ ಉದ್ಯೋಗ ಒಪ್ಪಂದ ಮತ್ತು ಸಾಮಾಜಿಕ ಭದ್ರತೆಯ ನೋಂದಣಿಯನ್ನು ಷರತ್ತಾಗಿಸಿತು. ಕತ್ತಲಲ್ಲಿದ್ದ ದುಡಿಮೆ ಸಾರ್ವಜನಿಕ ನಿಧಿಗೆ ವಂತಿಗೆ ಕಟ್ಟತೊಡಗಿತು. ಅಮೆರಿಕ 1986ರ ಕಾನೂನಿನಿಂದ ಸುಮಾರು 27 ಲಕ್ಷ ಜನರಿಗೆ ದಾಖಲೆ ನೀಡಿತಾದರೂ ಮಾಲೀಕರ ಮೇಲಿನ ದಂಡನೆಯನ್ನು ಬಿಗಿಯಾಗಿ ಜಾರಿಗೊಳಿಸಲಿಲ್ಲ. ದಾಖಲೆರಹಿತ ದುಡಿಮೆ ಮತ್ತೆ ಬೆಳೆಯಿತು. ಕಾರ್ಮಿಕನ ಕೈಗೆ ಕಾಗದ ಕೊಟ್ಟರೆ ಸಾಲದು, ಮಾಲೀಕನ ಲೆಕ್ಕಪುಸ್ತಕವನ್ನೂ ತೆರೆಸಬೇಕು ಎಂಬುದೇ ಇದರ ಪಾಠ.

ಈ ಪಾಠ ನಮಗೆ ಹೊಸದಲ್ಲ. 2011ರ ಜುಲೈ 29ರಂದು ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ಸ್ಥಗಿತಗೊಳಿಸಿತು. ಅಂಥ ದಿನ ದಾಖಲೆಯಲ್ಲಿ ಹೆಸರಿದ್ದವನು ಪರಿಹಾರ ಕೇಳಬಲ್ಲ. ಮೇಸ್ತ್ರಿಯ ಬಾಯಿಮಾತನ್ನೇ ನಂಬಿ ದುಡಿದವನು ಯಾರ ಬಾಗಿಲು ತಟ್ಟಬೇಕು?

ಪವಿತ್ರ ಕುರ್‌ಆನ್‌ನ ಅತಿ ದೀರ್ಘ ಸೂಕ್ತ ಅಲ್ ಬಕರ ಅಧ್ಯಾಯದ 282ನೆಯದು. ಅದು ಆಜ್ಞಾಪಿಸುವುದು ಸಾಲದ ವ್ಯವಹಾರವನ್ನು ನ್ಯಾಯಯುತವಾಗಿ ಬರೆದಿಡುವುದನ್ನು. ಕೊಡಬೇಕಾದ ಕೂಲಿಯೂ ಸಾಲವಲ್ಲವೇ? ಹಾಗಿರುವಾಗ ನಮ್ಮ ಅಂಗಡಿ, ಗ್ಯಾರೇಜು, ಹೋಟೆಲುಗಳಲ್ಲಿ ದುಡಿಯುವವನ ಹೆಸರನ್ನು ಬರೆಯದಿರಲು ನಮಗೆ ಯಾವ ನೆಪವಿದೆ?

ಸರಕಾರವನ್ನು ಪ್ರಶ್ನಿಸುವ ಮುನ್ನ ನಾವೇ ಆರಂಭಿಸೋಣ. ಹಾಜರಿ ಬರೆಯೋಣ, ಕೂಲಿಯನ್ನು ಬ್ಯಾಂಕಿನ ಮೂಲಕ ನೀಡೋಣ, ಇ-ಶ್ರಮ್ ನೋಂದಣಿಗೆ ನೆರವಾಗೋಣ, ಕಾನೂನು ಅನ್ವಯಿಸುವಲ್ಲಿ ಭವಿಷ್ಯನಿಧಿ ಮತ್ತು ಇಎಸ್‌ಐ ಕಟ್ಟೋಣ. ನಮ್ಮ ಮಕ್ಕಳಿಗೆ ಪರದೇಶದಲ್ಲಿ ಬಯಸುವ ನ್ಯಾಯವನ್ನು ಪರರ ಮಕ್ಕಳಿಗೆ ನಮ್ಮೂರಲ್ಲಿ ನೀಡುವ ಸೌಭಾಗ್ಯವನ್ನು ಅಲ್ಲಾಹನು ನಮಗೆ ಕರುಣಿಸಲಿ. ಆಮೀನ್.