ಮೊದಲು ಮುಚ್ಚಳ ಹಾಕ್ಸಿ

ಬಾಲಿ ಟ್ರಿಪ್ ಮುಗಿಸಿ ಬಂದ ಸಹೋದ್ಯೋಗಿ ಫೋಟೋ ತೋರಿಸ್ತಿದ್ದ. ಪಕ್ಕದ ಲೊಂಬೊಕ್ ದ್ವೀಪದ ಬೀಚೂ ಇತ್ತು. ಅದೇ ದ್ವೀಪದ ಸೆಕೊತೊಂಗ್ ಕಡೆ ಸಣ್ಣ ಗಣಿಯವರು ಪಾದರಸ ಹಾಕಿ ಚಿನ್ನ ತೆಗೀತಾರೆ, ಅವರಿಗೆ ಅದನ್ನ ಹುಷಾರಾಗಿ ಬಳಸೋದು ಕಲಿಸಬೇಕು ಅಂದೆ. "ವಿಷಕ್ಕೂ ಟ್ರೈನಿಂಗಾ? ಬ್ಯಾನ್ ಮಾಡ್ಬೇಕು ಅಷ್ಟೆ" ಅಂದ.

ಬ್ಯಾನ್ ಆಗಿದೆ ಸ್ವಾಮಿ. ಇಂಡೋನೇಷ್ಯಾದಲ್ಲಿ ಚಿನ್ನ ತೆಗೆಯೋಕೆ ಪಾದರಸ ಬಳಸೋ ಹಾಗಿಲ್ಲ. ಆದ್ರೆ ಅದೇ ದೇಶದ ಸೆರಾಮ್ ದ್ವೀಪದಲ್ಲಿ ಸಿನ್ನಬಾರ್ ಅದಿರು ಅಗೆದು, ಕದ್ದುಮುಚ್ಚಿ ಪಾದರಸ ಮಾಡಿ ಮಾರೋ ದಂಧೆ ಬೆಳೀತು. ಕಾನೂನಿನ ಪುಸ್ತಕದಲ್ಲಿ ಇಲ್ಲದ ಪಾದರಸ ಗಣಿಯವನ ಅಂಗೈಯಲ್ಲಿದೆ. ಕಾನೂನು ಒಪ್ಪದ ವಸ್ತು ಅಂದಮೇಲೆ ಅದನ್ನ ಹೇಗೆ ಮುಟ್ಟಬೇಕು ಅಂತ ಹೇಳಿಕೊಡೋಕೂ ನಮಗೆ ಮೈಲಿಗೆ. ನನ್ನ ತಕರಾರು ಈ ಮಡಿವಂತಿಕೆ ಬಗ್ಗೆ.

ಅಲ್ಲಿ ನಡೆಯೋದು ನೋಡಿ. ಅದಿರು, ನೀರು, ಪಾದರಸ ಎಲ್ಲಾ ಒಟ್ಟಿಗೇ ತಿರುಗೋ ಡ್ರಮ್ಮಿಗೆ ಬೀಳುತ್ತೆ. ಆ ಕುಟ್ಟಾಟಕ್ಕೆ ಪಾದರಸ ಹಿಟ್ಟಿನ ಹಾಗೆ ಒಡೆದು, ತಾನು ಹಿಡಿದ ಸಣ್ಣ ಕಣದ ಚಿನ್ನವನ್ನೂ ಹೊತ್ತುಕೊಂಡು ಕೆಸರಿನ ಜೊತೆ ಹೋಗಿಬಿಡುತ್ತೆ. ಆರೋಗ್ಯ ಬಿಡಿ, ದುಡ್ಡಿನ ಲೆಕ್ಕದಲ್ಲೂ ನಷ್ಟ! ಮೊದಲು ತೊಳೆದು ಭಾರದ ಮರಳನ್ನಷ್ಟೇ ಉಳಿಸಿಕೊಂಡು, ಆ ಬೊಗಸೆ ಮರಳಿಗೆ ಮಾತ್ರ ಹಾಕಿದ್ರೆ ಎಷ್ಟೋ ಕಡಿಮೆ ಪಾದರಸ ಸಾಕು. ಆಮೇಲೆ ಬಟ್ಟೆಯಲ್ಲಿ ಹಿಂಡಿದಾಗ ಉಳಿಯೋ ಉಂಡೆಯಲ್ಲಿ ಹೆಚ್ಚುಕಮ್ಮಿ ಅರ್ಧ ಪಾದರಸವೇ. ಅದನ್ನ ಬಯಲಲ್ಲಿ ಕಾಯಿಸ್ತಾರೆ, ಕೆಲವರು ಮನೆಯೊಳಗೇ. ಆವಿಗೆ ಬಣ್ಣ ಇಲ್ಲ, ವಾಸನೆ ಇಲ್ಲ. ಉಸಿರಲ್ಲಿ ಒಳಗೆ ಹೋದದ್ದರಲ್ಲಿ ಸುಮಾರು 80% ರಕ್ತಕ್ಕೆ ಸೇರುತ್ತೆ. ದಿನಾ ಕುಡಿದವನಿಗೆ ಕೈ ನಡುಗೋಕೆ ಶುರುವಾಗುತ್ತೆ.

ಇದಕ್ಕೆ ರಿಟಾರ್ಟ್ ಅಂತ ಒಂದು ಸಾಧನ ಇದೆ. ಬಿಗಿ ಮುಚ್ಚಳದ ಉಕ್ಕಿನ ಬಟ್ಟಲು, ಅದಕ್ಕೊಂದು ಪೈಪು. ನಮ್ಮೂರ ಕಳ್ಳಭಟ್ಟಿಯದೇ ತಂತ್ರ ಕಣ್ರೀ. ಆವಿ ತಣ್ಣಗಾಗಿ ಪಾದರಸವಾಗಿ ವಾಪಸ್ ಬೀಳುತ್ತೆ, ಸರಿಯಾಗಿ ಮಾಡಿದ್ರೆ 90%ಕ್ಕಿಂತ ಹೆಚ್ಚು. ಆದ್ರೆ ಪೈಪಿನ ತುದಿ ನೀರಲ್ಲಿ ಮುಳುಗಿದ್ರೆ, ಬೆಂಕಿ ಆರಿದಾಗ ನೀರನ್ನ ಒಳಗೆಳೆದು ಬಟ್ಟಲು ಸಿಡೀಬಹುದು. ಪೂರ್ತಿ ಆರೋ ಮುಂಚೆ ತೆಗೆದರೆ ಉಳಿದ ಆವಿ ಸೀದಾ ಮುಖಕ್ಕೆ. ಉಕ್ಕಿನೊಳಗೆ ಚಿನ್ನ ಕಾಣಲ್ಲ, ಯಾರಾದ್ರೂ ಹೊಡ್ಕೊಂಡ್ರೆ ಅನ್ನೋ ಅನುಮಾನ ಬೇರೆ. ಇಷ್ಟನ್ನೂ ಒಬ್ಬರು ಪಕ್ಕದಲ್ಲಿ ಕೂತು ಹೇಳಿಕೊಡಬೇಕಲ್ವಾ? ನಿಷೇಧದ ಆದೇಶ ಹೇಳಿಕೊಡುತ್ತಾ?

ರಿಟಾರ್ಟ್ ಕೊಟ್ರೆ ಪಾದರಸ ಇನ್ನಷ್ಟು ವರ್ಷ ಉಳಿಯುತ್ತೆ ಅನ್ನೋ ಮಾತಲ್ಲಿ ಹುರುಳಿಲ್ಲ ಅನ್ನಲ್ಲ. ಕೆಸರಿಗೆ ಹೋದದ್ದನ್ನ ಯಾವ ಮುಚ್ಚಳವೂ ತಡೆಯಲ್ಲ. ಅದು ಮೀನಿಗೆ, ಮೀನಿಂದ ಬಸುರಿ ಹೆಂಗಸಿನ ಹೊಟ್ಟೆಗೆ. ಪಾದರಸ ಹೋಗಲೇಬೇಕು. 2013ರ ಮಿನಮಾಟ ಒಪ್ಪಂದ ಕೂಡ ಸಣ್ಣ ಗಣಿಗಳ ವಿಷಯದಲ್ಲಿ ಹೇಳೋದು ಕಡಿಮೆ ಮಾಡಿ, ಸಾಧ್ಯವಾದಲ್ಲಿ ನಿಲ್ಲಿಸಿ ಅಂತ. ಬಯಲಲ್ಲಿ ಸುಡೋದು, ಇಡೀ ಅದಿರಿಗೆ ಸುರಿಯೋದು ನಿಲ್ಲಲೇಬೇಕು ಅಂತ ಹೆಸರಿಸಿ ಹೇಳಿದೆ. ಪ್ರೊಡಕ್ಷನ್ ಸರ್ವರ್ ಬಿದ್ದಾಗ ನಾವು ಮಾಡೋದೂ ಅದೇ ತಾನೇ? ಮೊದಲು ಪ್ಯಾಚ್, ಆಮೇಲೆ ರೀರೈಟ್. ಬೇರೆಯವರ ಶ್ವಾಸಕೋಶಕ್ಕೆ ಮಾತ್ರ ಪ್ಯಾಚ್ ಬೇಡ್ವಾ?

ನಮ್ಮಪ್ಪ ಹತ್ತಿಗೆ ಔಷಧಿ ಹೊಡೆಯೋವಾಗ ಮೂತಿಗೆ ಟವಲ್ ಕಟ್ಕೊಳ್ತಿದ್ರು, ಅಷ್ಟೆ. ವಿಷ ಬಿಡಿ ಅಂತ ಭಾಷಣ ಮಾಡೋರು ಊರಿಗೆ ಬಂದು ಹೋಗ್ತಿದ್ರು. ಗಾಳಿಗೆ ಎದುರಾಗಿ ಹೊಡೀಬೇಡಿ ಅಂತ ಒಬ್ಬರೂ ಹೇಳಲಿಲ್ಲ. ಅದನ್ನ ಅಪ್ಪ ಕಲಿತದ್ದು ಒಂದು ಮಧ್ಯಾಹ್ನ ಬದುವಿನ ಮೇಲೆ ವಾಂತಿ ಮಾಡ್ಕೊಂಡು ಬಿದ್ದ ಮೇಲೆ.