ಗೋಡೆ ಬೇಕು, ಬರೆದವರು ಬೇಡವೇ?



ಮೆರವಣಿಗೆಯ ಹಿಂದಿನ ರಾತ್ರಿ ಬಕೆಟ್ಟಿನಲ್ಲಿ ನೀಲಿ ಕಲಸಿಕೊಂಡು ಗೋಡೆ ಬರೆಯೋಕೆ ಹೊರಡುವ ಹಾಸ್ಟೆಲ್ ಹುಡುಗರು ನಾವು. ಬೆಳಗಾಗುವಷ್ಟರಲ್ಲಿ ಅದರ ಮೇಲೆ ಯಾರೋ ಸುಣ್ಣ ಬಳಿದಿರ್ತಾರೆ. ಊರ ಗೋಡೆ ಹೊಲಸು ಮಾಡಿದರು ಅಂತ ಬೈತಾರೆ. ಆದರೆ ಪೇಟೆಯ ದೊಡ್ಡ ಅಂಗಡಿಯಲ್ಲಿ ಗೋಡೆಬರಹದ ಅಂಗಿಗಳು ನೇತಾಡ್ತಿವೆ. ವಿನ್ಯಾಸಗಾರರು ಅದನ್ನು ಬೀದಿಕಲೆಯಿಂದ ಪಡೆದ ಸ್ಫೂರ್ತಿ ಅಂತಾರೆ. ಈ ಸ್ಫೂರ್ತಿಯ ಲೆಕ್ಕವನ್ನು ನಾವು ಕೇಳಲೇಬೇಕು.

ನ್ಯೂಯಾರ್ಕಿನ ಗೋಡೆಗಳನ್ನು ನೋಡಿ. 1972ರಲ್ಲಿ ಮುಂಬಯಿಯ ದಲಿತ ಪ್ಯಾಂಥರ್ಸ್ ತಮ್ಮ ಹೆಸರಿಗೆ ಕೈಚಾಚಿದ್ದು ಅಮೆರಿಕದ ಕಪ್ಪುಜನರ ಕಡೆಗೇ. ಅವರ ನೋವು ನಮಗೆ ಪರದೇಶದ್ದಲ್ಲ.

1983ರ ಸೆಪ್ಟೆಂಬರಿನಲ್ಲಿ ಅಲ್ಲಿನ ಸುರಂಗ ರೈಲು ನಿಲ್ದಾಣದಲ್ಲಿ ಗೋಡೆಗೆ ಬರೆದ ಅನ್ನುವ ಆರೋಪದ ಮೇಲೆ ಮೈಕೆಲ್ ಸ್ಟುವರ್ಟ್ ಎಂಬ ಕಪ್ಪು ಯುವಕನನ್ನು ಪೊಲೀಸರು ಹಿಡಿದರು. ಅವರ ಕೈಯಲ್ಲಿ ಪ್ರಜ್ಞೆ ತಪ್ಪಿದವನು ಮತ್ತೆ ಏಳಲಿಲ್ಲ. ಹದಿಮೂರು ದಿನಕ್ಕೆ ಸತ್ತ. ವಯಸ್ಸು 25. 1985ರಲ್ಲಿ ವಿಚಾರಣೆಗೆ ನಿಂತ ಆರೂ ಪೊಲೀಸರು ಖುಲಾಸೆಯಾದರು.

ಜೀನ್ ಮೈಕೆಲ್ ಬಾಸ್ಕಿಯಾ ಕೂಡ ಗೋಡೆಗೆ ಬರೆದೇ ಬೆಳೆದ ಕಪ್ಪು ಹುಡುಗ. ಆ ಸಾವನ್ನು ಅವನು ಗೆಳೆಯ ಕೀತ್ ಹೇರಿಂಗನ ಚಿತ್ರಶಾಲೆಯ ಗೋಡೆ ಮೇಲೆ ಬರೆದ: ಲಾಠಿ ಎತ್ತಿದ ಇಬ್ಬರು ಪೊಲೀಸರು, ನಡುವೆ ಮುಖವಿಲ್ಲದ ಒಂದು ಕಪ್ಪು ಆಕೃತಿ. ಬಾಸ್ಕಿಯಾ 1988ರಲ್ಲಿ, 27ರ ವಯಸ್ಸಿಗೇ ತೀರಿಕೊಂಡ. 2017ರಲ್ಲಿ ಅವನ ಒಂದು ಚಿತ್ರ 11 ಕೋಟಿ ಡಾಲರಿಗೂ ಮೇಲೆ ಹರಾಜಾಯ್ತು. ಅವನ ಗೀಟುಗಳು ಈಗ ಅಂಗಿಗಳ ಮೇಲೂ ಇವೆ. ಆ ಅಂಗಿ ತೊಟ್ಟವರಲ್ಲಿ ಎಷ್ಟು ಮಂದಿಗೆ ಸ್ಟುವರ್ಟ್ ಗೊತ್ತು?

2018ರಲ್ಲಿ ಎಚ್ ಅಂಡ್ ಎಂ ಎಂಬ ಬಟ್ಟೆ ಕಂಪನಿ ಬ್ರೂಕ್ಲಿನ್ನಿನ ಗೋಡೆಚಿತ್ರವೊಂದನ್ನು ಜಾಹೀರಾತಿಗೆ ಬಳಸಿಕೊಂಡಿತು. ಬರೆದ ಕಲಾವಿದ ರೆವೋಕ್ ತಕರಾರು ತೆಗೆದ. ಅನುಮತಿಯಿಲ್ಲದೆ ಬರೆದದ್ದು ಅಪರಾಧ, ಅದಕ್ಕೆ ಹಕ್ಕುಸ್ವಾಮ್ಯವೇ ಇಲ್ಲ ಅಂತ ಕಂಪನಿ ಕೋರ್ಟಿಗೆ ಹೋಯ್ತು. ಬರೆದದ್ದು ಅಪರಾಧವಂತೆ, ಎತ್ತಿಕೊಂಡದ್ದು ಅಲ್ಲವಂತೆ! ಬೀದಿಕಲಾವಿದರು ತಿರುಗಿಬಿದ್ದರು, ಬಹಿಷ್ಕಾರ ಕೂಗಿದರು. ಕಂಪನಿ ದಾವೆ ವಾಪಸು ತಗೊಂಡಿತು.

ಈ ನ್ಯಾಯ ನಮಗೆ ಹೊಸದಲ್ಲ. ತಮಟೆಯ ಸದ್ದು ಜಾತ್ರೆಗೆ ಬೇಕು, ಬಡಿದವನು ಗುಡಿಯ ಹೊಸ್ತಿಲೊಳಗೆ ಬೇಡ!

ಆದರೆ ಒಟ್ಟಾದವರು ಗೆದ್ದದ್ದೂ ಉಂಟು. ನ್ಯೂಯಾರ್ಕಿನ ಫೈವ್ ಪಾಯಿಂಟ್ಜ್ ಕಟ್ಟಡದ ಚಿತ್ರಗಳಿಗೆ ಮಾಲೀಕ 2013ರಲ್ಲಿ ರಾತ್ರೋರಾತ್ರಿ ಬಿಳಿ ಬಳಿಸಿದ. 21 ಕಲಾವಿದರು ಒಟ್ಟಿಗೆ ಕೋರ್ಟಿನ ಮೆಟ್ಟಿಲು ಹತ್ತಿದರು. 2018ರಲ್ಲಿ ಅವರಿಗೆ 67.5 ಲಕ್ಷ ಡಾಲರ್ ಪರಿಹಾರ ಕೊಡಲು ತೀರ್ಪಾಯ್ತು.

ವಿನ್ಯಾಸ ಕಲೀತಿರೋ ತಮ್ಮಂದಿರೇ, ತಂಗಿಯರೇ, ಬೀದಿಯಿಂದ ಕಲೀರಿ. ಓಡುವ ಬಸ್ಸಿನಿಂದಲೂ ಓದಬಹುದಾದ ಅಕ್ಷರ, ಎರಡೇ ಬಣ್ಣ, ನಾಲ್ಕೇ ಮಾತು: ಇದನ್ನು ಗೋಡೆಗಿಂತ ಚೆನ್ನಾಗಿ ಕಲಿಸೋರು ಯಾರು? ಆದರೆ ಕಲಿಸಿದ ಕೈಯ ಹೆಸರು ಕೇಳಿ, ಹೆಸರು ಹಾಕಿ, ಕೂಲಿ ಕೊಡಿ. ಬಣ್ಣ ಎತ್ತಿಕೊಂಡು ಸಿಟ್ಟನ್ನು ಒರೆಸಿ ಹಾಕಬೇಡಿ.

ನಾವೂ ಇನ್ನು ಮೇಲೆ ಬರೆದ ಗೋಡೆಯ ಕೆಳಗೆ ಹಾಸ್ಟೆಲಿನ ಹೆಸರು ಹಾಕೋಣ. ಸುಣ್ಣ ಬಳಿದರೆ ಮತ್ತೆ ಬರೆಯೋಣ.