ಹೊಸ ಕಾರ್ಡ್ ಬಂತು, ಯಾವುದನ್ನು ತೆಗೆಯಲಿ?

2025ರ ಜೂನ್. ಪದವಿ ಮುಗಿಸಿ ವರ್ಷವಾಗಿತ್ತು, ಕೆಲಸ ಸಿಕ್ಕಿರಲಿಲ್ಲ. ಮನೆಯಿಂದ ತಿಂಗಳ ಖರ್ಚಿಗೆ ಬರುತ್ತಿದ್ದ ದುಡ್ಡಿನಲ್ಲಿ ಒಂದಿಷ್ಟನ್ನು ಪರೀಕ್ಷಾ ಅರ್ಜಿಯ ಶುಲ್ಕಕ್ಕೆಂದು ಎತ್ತಿಟ್ಟಿದ್ದೆ. ಆ ದುಡ್ಡು ಈಗ ಆರು ಹೊಳೆಯುವ ಪೊಟ್ಟಣಗಳಾಗಿ ಪಿ.ಜಿ.ಯ ಮಂಚದ ಮೇಲೆ ಬಿದ್ದಿತ್ತು. ಒಂದೊಂದಾಗಿ ಹರಿದೆ. ನನಗೆ ಬೇಕಿದ್ದ ಕಾರ್ಡ್ ಯಾವುದರಲ್ಲೂ ಇರಲಿಲ್ಲ. ನಾಲ್ಕನೆಯದನ್ನು ಹರಿಯುವಾಗಲೇ ಹೊಟ್ಟೆಯಲ್ಲಿ ಸಂಕಟ ಶುರುವಾಗಿತ್ತು. ಹಾಗೆಂದು ಉಳಿದೆರಡನ್ನು ಹರಿಯದೆ ಬಿಟ್ಟೆನೇ? ಇಲ್ಲ.

ಆಟದ ಹೆಸರು ‘ಮ್ಯಾಜಿಕ್: ದಿ ಗ್ಯಾದರಿಂಗ್’. ಗಣಿತ ಓದಿದ ರಿಚರ್ಡ್ ಗಾರ್ಫೀಲ್ಡ್ ಎಂಬ ಅಮೆರಿಕನ್ ರೂಪಿಸಿ, 1993ರಲ್ಲಿ ಮಾರುಕಟ್ಟೆಗೆ ಬಂದ ಕಾರ್ಡ್ ಆಟ. ಇಸ್ಪೀಟಿನ ಹಾಗೆ ಎಲ್ಲರಿಗೂ ಒಂದೇ ಕಟ್ಟಲ್ಲ. ಸಾವಿರಾರು ಕಾರ್ಡ್‌ಗಳಿಂದ ನಮಗೆ ಬೇಕಾದ್ದನ್ನು ಆರಿಸಿ ನಮ್ಮದೇ ಡೆಕ್ ಕಟ್ಟಿಕೊಳ್ಳಬೇಕು. ನಾವು ನಾಲ್ವರು ಗೆಳೆಯರು ಭಾನುವಾರ ಮಧ್ಯಾಹ್ನ ಟೆರೇಸಿನಲ್ಲಿ ಆಡುವುದು ಇದರ ‘ಕಮಾಂಡರ್’ ಎಂಬ ಬಗೆ. ಸಾಮಾನ್ಯವಾಗಿ ನಾಲ್ಕು ಜನ, ತಲಾ 100 ಕಾರ್ಡ್. ಮನಾ ಎಂಬ ಶಕ್ತಿ ಕೊಡುವ ಸಾಮಾನ್ಯ ಲ್ಯಾಂಡ್‌ಗಳನ್ನು ಬಿಟ್ಟರೆ ಯಾವ ಕಾರ್ಡೂ ಎರಡು ಸಲ ಇರುವಂತಿಲ್ಲ. ಒಂದು ಪಾತ್ರ ನಮ್ಮ ನಾಯಕ, ಅದೇ ಕಮಾಂಡರ್. ಪ್ರತಿಯೊಬ್ಬರಿಗೂ 40 ಜೀವ. ಕೊನೆಗೆ ಉಳಿದವನು ಗೆದ್ದ.

ಈ ಆಟಕ್ಕೆ ಹೊಸ ಕಾರ್ಡ್‌ಗಳು ಬರುತ್ತಲೇ ಇರುತ್ತವೆ. 2025ರಲ್ಲೇ ಆರು ದೊಡ್ಡ ಸೆಟ್‌ಗಳು ಬಂದವು, ಅಂದರೆ ಸರಾಸರಿ ಎರಡು ತಿಂಗಳಿಗೊಂದು. ಪ್ರತಿ ಸಲವೂ ಬಿಡುಗಡೆಗೆ ಮೊದಲೇ ಕಾರ್ಡ್‌ಗಳ ಚಿತ್ರ ಹೊರಬೀಳುತ್ತದೆ, ‘ಇದನ್ನು ಕೊಳ್ಳದಿದ್ದರೆ ಕೆಟ್ಟಿರಿ’ ಎನ್ನುವ ವಿಡಿಯೊಗಳು ಸಾಲಾಗಿ ಬರುತ್ತವೆ. ಕ್ಯಾಂಪಸ್ ಆಯ್ಕೆಯಲ್ಲಿ ಯಾರಿಗೋ ಸಿಕ್ಕ ದೊಡ್ಡ ಪ್ಯಾಕೇಜಿನ ಸುದ್ದಿ ಹಾಸ್ಟೆಲಿನಲ್ಲಿ ಹರಡುತ್ತದಲ್ಲ, ಹಾಗೆ. ಕೇಳಿದವರಿಗೆಲ್ಲ ತಾವು ಹಿಂದುಳಿದೆವೆಂಬ ಭಾವನೆ.

ನನ್ನ ತಕರಾರು ಇಲ್ಲಿದೆ. ಈ ವಿಡಿಯೊಗಳಲ್ಲಿ ಕಾರ್ಡನ್ನು ಅಳೆಯುವ ಮೊಳಕೋಲು ಬಹುಪಾಲು ಇಬ್ಬರ ಪಂದ್ಯದ್ದು, ಇಲ್ಲವೇ ಮಾರುಕಟ್ಟೆ ಬೆಲೆಯದ್ದು. ನಾವು ಆಡುವುದು ನಾಲ್ಕು ಜನ, ಚಹಾ ಕುಡಿಯುತ್ತಾ. ಅಲ್ಲಿನ ಲೆಕ್ಕವೇ ಬೇರೆ.

‘ಲೈಟ್ನಿಂಗ್ ಬೋಲ್ಟ್’ ಎಂಬ ಹಳೆಯ ಕಾರ್ಡ್ ಇದೆ. ಒಂದೇ ಮನಾ ಕೊಟ್ಟರೆ 3 ಏಟು. ಇಬ್ಬರ ಆಟದಲ್ಲಿ ಎದುರಾಳಿಗೆ 20 ಜೀವ, ಹಾಗಾಗಿ ಅದು ಬೆಂಕಿ. ನಮ್ಮ ಮೇಜಿನಲ್ಲಿ ನನ್ನೆದುರು ಮೂವರು, ಒಟ್ಟು 120 ಜೀವ. ಅದರಲ್ಲಿ 3 ಯಾವ ಮೂಲೆಗೆ? ಈಗ ‘ಗ್ರೇ ಮರ್ಚೆಂಟ್ ಆಫ್ ಆಸ್ಫೊಡೆಲ್’ ನೋಡಿ. 2013ರ ‘ಥೀರೋಸ್’ ಸೆಟ್‌ನಲ್ಲಿ ಬಂದ ಸಾಮಾನ್ಯ ದರ್ಜೆಯ ಕಾರ್ಡ್. ಮೇಜಿಗೆ ಬಂದ ಕೂಡಲೇ ನಿಮ್ಮ ಕಡೆಯ ಕಾರ್ಡ್‌ಗಳ ಬೆಲೆಯಲ್ಲಿರುವ ಕಪ್ಪು ಮನಾ ಗುರುತುಗಳನ್ನು ಎಣಿಸಿ, ಪ್ರತಿ ಎದುರಾಳಿಯಿಂದಲೂ ಅಷ್ಟು ಜೀವ ಕಳೆಯುತ್ತದೆ. ಕಳೆದದ್ದೆಲ್ಲ ನಿಮಗೆ ಬಂದು ಸೇರುತ್ತದೆ. ಗುರುತು ಏಳಿದ್ದರೆ ಇಬ್ಬರ ಆಟದಲ್ಲಿ 7. ನಮ್ಮ ಮೇಜಿನಲ್ಲಿ ಮೂವರಿಂದಲೂ ಏಳೇಳು, ನನಗೆ 21. ಕಾರ್ಡಿನಲ್ಲಿ ಒಂದು ಅಕ್ಷರವೂ ಬದಲಾಗಿಲ್ಲ. ಹೊಸ ಕಾರ್ಡ್ ಓದುವಾಗ ನಾನು ಮೊದಲು ಹುಡುಕುವುದು ‘ಪ್ರತಿ ಎದುರಾಳಿ’ ಎಂಬ ಎರಡು ಪದಗಳನ್ನು, ಆಮೇಲೆ ಉಳಿದದ್ದು.

ಹಾಗಂತ ಗುಣಾಕಾರವೊಂದೇ ಸಾಲದು. 2024ರ ಆಗಸ್ಟ್‌ನಲ್ಲಿ ‘ಬ್ಲೂಂಬರೋ’ ಸೆಟ್ ಬಂದಾಗ ಅದರಲ್ಲಿ ‘ಗಿಫ್ಟ್’ ಎಂಬ ಹೊಸ ನಿಯಮವಿತ್ತು. ಮಂತ್ರ ಹಾಕುವಾಗ ಒಬ್ಬ ಎದುರಾಳಿಗೆ ಉಡುಗೊರೆ ಕೊಡುತ್ತೇನೆಂದರೆ ಮಂತ್ರದ ಬಲ ಹೆಚ್ಚುತ್ತದೆ. ‘ಡಾನ್ಸ್ ಟ್ರೂಸ್’ ಅಂಥದ್ದೊಂದು. ಎದುರಾಳಿಯೊಬ್ಬನಿಗೆ ಒಂದು ಕಾರ್ಡ್ ಎಳೆದುಕೊಳ್ಳಲು ಬಿಟ್ಟರೆ, ಆ ಸರದಿ ಮುಗಿಯುವತನಕ ನನ್ನದನ್ನು ಗುರಿಯಿಡಲೂ ಆಗುವುದಿಲ್ಲ, ನಾಶ ಮಾಡಲೂ ಆಗುವುದಿಲ್ಲ. ‘ಶತ್ರುವಿಗೆ ಕಾರ್ಡ್ ಕೊಡೋದಾ’ ಎಂದು ಮೊದಲ ಓದಿಗೆ ಮೂಗು ಮುರಿದಿದ್ದೆ. ಇಬ್ಬರಿದ್ದಾಗ ಆ ಮಾತು ಸರಿ, ಉಡುಗೊರೆ ಹೋಗುವುದು ಹೊಡೆಯುತ್ತಿರುವವನ ಕೈಗೇ. ನಾಲ್ವರಿದ್ದಾಗ? ಹೊಡೆಯುತ್ತಿರುವವನು ಒಬ್ಬ, ಸುಮ್ಮನೆ ಕೂತ ಇನ್ನಿಬ್ಬರಿದ್ದಾರೆ. ಅವರಲ್ಲಿ ಹಿಂದೆ ಬಿದ್ದವನಿಗೆ ಕಾರ್ಡ್ ಕೊಟ್ಟೆ ಅನ್ನಿ. ನನ್ನ ಸೇನೆಯೂ ಉಳಿಯಿತು, ಮುಂದಿನ ಸುತ್ತಿನಲ್ಲಿ ಅವನು ನನ್ನ ಮೇಲೆ ಕೈ ಮಾಡಲು ಸ್ವಲ್ಪ ಹಿಂದೆಮುಂದೆ ನೋಡುತ್ತಾನೆ. ಈ ದಾಕ್ಷಿಣ್ಯಕ್ಕೆ ಯಾವ ರೇಟಿಂಗಿನಲ್ಲೂ ಅಂಕವಿಲ್ಲ.

ದಾಕ್ಷಿಣ್ಯ ಇರುವ ಕಡೆ ಹೊಟ್ಟೆಕಿಚ್ಚೂ ಇರುತ್ತದೆ. ಊರಲ್ಲಿ ಅಜ್ಜಿಯ ಜೊತೆ ಚೌಕಾಬಾರ ಆಡಿದವರಿಗೆ ಇದು ಗೊತ್ತು. ನಾಲ್ವರಲ್ಲಿ ಯಾರ ಕಾಯಿ ಹಣ್ಣಾಗಲು ಹತ್ತಿರ ಬಂದಿದೆಯೋ ಅವರ ಮೇಲೇ ಮೂವರ ಕಣ್ಣು. ಕಮಾಂಡರ್‌ನಲ್ಲೂ ಅಷ್ಟೇ. ಕಾರ್ಡ್ ಎಷ್ಟು ಬಲಶಾಲಿಯೋ ಅಷ್ಟು ಏಟು ತಿನ್ನುತ್ತದೆ.

ನನ್ನ ಆರು ಪೊಟ್ಟಣಗಳ ಗುರಿಯೂ ಅಂಥದ್ದೇ ಒಂದು ಕಾರ್ಡ್. ‘ಫೈನಲ್ ಫ್ಯಾಂಟಸಿ’ ವಿಡಿಯೊ ಗೇಮ್‌ನ ಪಾತ್ರಗಳನ್ನಿಟ್ಟು ಬಂದ ಸೆಟ್‌ನ ‘ವಿವಿ ಆರ್ನಿಟಿಯರ್’. ಮೂರು ಮನಾದ ಪುಟ್ಟ ಮಾಂತ್ರಿಕ. ಜೀವಿಗಳಲ್ಲದ ಯಾವ ಮಂತ್ರ ಹಾಕಿದರೂ ತಾನು ಒಂದಂಗುಲ ಬೆಳೆದು ಪ್ರತಿ ಎದುರಾಳಿಗೂ 1 ಏಟು ಕೊಡುತ್ತಾನೆ. ನಮ್ಮ ಸರದಿಯಲ್ಲಿ ಒಮ್ಮೆ, ಎಷ್ಟು ಬೆಳೆದಿದ್ದಾನೋ ಅಷ್ಟು ಮನಾವನ್ನೂ ಪುಕ್ಕಟೆ ಕೊಡುತ್ತಾನೆ. ನನಗೆ ಸಿಗಲಿಲ್ಲ. ನಮ್ಮ ನಾಲ್ವರಲ್ಲಿ ಐಟಿ ಕೆಲಸದಲ್ಲಿರುವವನು ಬಿಡಿ ಕಾರ್ಡಾಗಿ ಕೊಂಡು ತಂದು ಅದನ್ನೇ ಕಮಾಂಡರ್ ಮಾಡಿದ.

ಮೊದಲ ಮೂರು ಭಾನುವಾರ ಅವನೇ ಗೆದ್ದ. ನಾಲ್ಕನೆಯ ಭಾನುವಾರ ಯಾರೂ ಮಾತಾಡಿಕೊಳ್ಳದೆಯೇ ಮೂವರೂ ಅವನ ಮೇಲೆ ಬಿದ್ದೆವು. ವಿವಿ ಬಂದ ಕೂಡಲೇ ಕೊಂದೆವು. ಮತ್ತೆ ಬಂದ, ಮತ್ತೆ ಕೊಂದೆವು. ಎಲ್ಲರಿಗಿಂತ ಮೊದಲು ಸೋತು ಅವನು ಒಂದೂವರೆ ಗಂಟೆ ನೀರಿನ ಟ್ಯಾಂಕಿಗೆ ಒರಗಿ ಮೊಬೈಲ್ ನೋಡುತ್ತಾ ಕೂತ. ನಮ್ಮಲ್ಲಿ ಅತಿ ದುಬಾರಿ ಕಾರ್ಡ್ ಅವನದ್ದು, ಅವತ್ತು ಅತಿ ಕಡಿಮೆ ಆಡಿದ್ದೂ ಅವನೇ. ವಿವಿ ಕೆಟ್ಟ ಕಾರ್ಡ್ ಎನ್ನುತ್ತಿಲ್ಲ, ಬಹಳ ಒಳ್ಳೆಯ ಕಾರ್ಡ್. ನಮ್ಮ ಮೇಜಿಗೆ ಅದು ಒಳ್ಳೆಯದಾಗಲಿಲ್ಲ.

ಅದಕ್ಕಿಂತ ಬೇಸರದ ಸಂಗತಿ ಬೇರೆ ಇತ್ತು. ನಮ್ಮ ಹಾಸನದ ಗೆಳೆಯ ಮುಂದಿನ ವಾರ ಬರಲಿಲ್ಲ. ಬ್ಯಾಂಕ್ ಪರೀಕ್ಷೆಗೆ ಓದಬೇಕು ಅಂದ. ಅದರ ಮುಂದಿನ ವಾರವೂ ಬರಲಿಲ್ಲ. ಆಮೇಲೆ ಒಂದು ರಾತ್ರಿ ಫೋನಿನಲ್ಲಿ, ‘ನಿಮ್ಮ ಸಮಕ್ಕೆ ಖರ್ಚು ಮಾಡೋಕೆ ನನ್ನ ಕೈಲಿ ಆಗಲ್ಲ ಮಾರಾಯ, ಸುಮ್ನೆ ಬಂದು ಸೋಲೋಕೆ ಬಸ್ ಚಾರ್ಜ್ ಯಾಕೆ’ ಅಂದ. ಅವನಿಗೂ ಕೆಲಸವಿರಲಿಲ್ಲ, ನನಗೂ ಇರಲಿಲ್ಲ. ವಾರವಿಡೀ ರಿಜೆಕ್ಷನ್ ಮೇಲ್‌ಗಳ ನಡುವೆ ನಮಗಿದ್ದ ಒಂದೇ ಮಧ್ಯಾಹ್ನ ಅದು. ಇದರಲ್ಲಿ ನನ್ನ ಪಾಲೂ ಇದೆ: ಪ್ರತಿ ಸೆಟ್ ಬಂದಾಗಲೂ ಗುಂಪಿನಲ್ಲಿ ಆ ವಿಡಿಯೊಗಳನ್ನು ಹಂಚುತ್ತಿದ್ದವನು ನಾನೇ.

ಬಲವೊಂದೇ ಅಳತೆಯಾದರೆ ತಯಾರಿಸಿದವರೂ ಎಡವುತ್ತಾರೆ. 2024ರ ಜೂನ್‌ನಲ್ಲಿ ಬಂದ ‘ನಾಡು’ ಎಂಬ ಹಕ್ಕಿಯ ಕಥೆ ಕೇಳಿ (ನಮ್ಮ ನಾಡಲ್ಲ, ಹೆಸರೇ ಹಾಗೆ). ವಿನ್ಯಾಸದ ಕೊನೆ ಹಂತದಲ್ಲಿ ಕಮಾಂಡರ್ ಆಡುವವರನ್ನು ನೆನೆದು ಅದರ ನಿಯಮ ಬದಲಿಸಿದರು. ಬದಲಿಸಿದ ರೂಪದಲ್ಲಿ ಆಡಿ ನೋಡಲೇ ಇಲ್ಲವೆಂದು ವಿನ್ಯಾಸಕರೇ ಬರೆದುಕೊಂಡರು. ಆಗಸ್ಟ್‌ನಲ್ಲಿ ‘ಮಾಡರ್ನ್’ ಎಂಬ ಸ್ಪರ್ಧಾ ಬಗೆಯಲ್ಲಿ ಅದು ನಿಷೇಧವಾಯಿತು, ಸೆಪ್ಟೆಂಬರ್‌ನಲ್ಲಿ ಕಮಾಂಡರ್‌ನಲ್ಲೂ ನಿಷೇಧವಾಯಿತು. ಅದೇ ದಿನ ‘ಮನಾ ಕ್ರಿಪ್ಟ್’, ‘ಜ್ಯುವೆಲ್ಡ್ ಲೋಟಸ್’, ‘ಡಾಕ್‌ಸೈಡ್ ಎಕ್ಸ್‌ಟಾರ್ಷನಿಸ್ಟ್’ ಕೂಡ ಹೊರಬಿದ್ದವು. ದುಬಾರಿ ದುಡ್ಡು ಕೊಟ್ಟು ಕೊಂಡಿದ್ದವರ ಸಿಟ್ಟು ಎಷ್ಟಿತ್ತೆಂದರೆ, ನಿಯಮ ನೋಡಿಕೊಳ್ಳುತ್ತಿದ್ದ ಸ್ವತಂತ್ರ ಸಮಿತಿಯವರಿಗೆ ಬೆದರಿಕೆಗಳು ಬಂದವು. ವಾರದೊಳಗೆ ಆ ಹೊಣೆ ಆಟದ ಕಂಪನಿ ವಿಝರ್ಡ್ಸ್ ಆಫ್ ದಿ ಕೋಸ್ಟ್ ಕೈಗೆ ಹೋಯಿತು. ಕಾರ್ಡನ್ನು ಹೂಡಿಕೆ ಅಂದುಕೊಳ್ಳುವ ಗೆಳೆಯರು ಆ ವಾರವನ್ನು ನೆನಪಿಟ್ಟುಕೊಳ್ಳಲಿ.

ಇನ್ನೊಂದು ಕಾರ್ಡಿನ ಬಗ್ಗೆ ಹೇಳಲೇಬೇಕು, ‘ರಿಸ್ಟಿಕ್ ಸ್ಟಡಿ’. 2000ನೇ ಇಸವಿಯಲ್ಲಿ ಬಂದಾಗ ಸಾಮಾನ್ಯ ದರ್ಜೆಯದು. ಎದುರಾಳಿ ಯಾವ ಮಂತ್ರ ಹಾಕಿದರೂ ಒಂದು ಮನಾ ಹೆಚ್ಚು ಕೊಡಬೇಕು, ಇಲ್ಲವಾದರೆ ನಾನೊಂದು ಕಾರ್ಡ್ ಎಳೆದುಕೊಳ್ಳುತ್ತೇನೆ. ಒಬ್ಬನೇ ಎದುರಾಳಿಯಿದ್ದಾಗ ಅಂಥ ಮಹಾ ಏನಲ್ಲ. ಮೂವರಿದ್ದಾಗ ರಾಕ್ಷಸ, 2025ರಲ್ಲಿ ಕಂಪನಿ ಪ್ರಕಟಿಸಿದ ‘ಗೇಮ್ ಚೇಂಜರ್’ ಪಟ್ಟಿಯಲ್ಲಿ ಇದೂ ಇದೆ. ಆದರೆ ನಾನು ಅದನ್ನು ನನ್ನ ಡೆಕ್‌ನಿಂದ ಹೊರಗಿಟ್ಟಿರುವುದು ಬಲದ ಕಾರಣಕ್ಕಲ್ಲ. ಅದು ಮೇಜಿಗೆ ಬಂದರೆ ಉಳಿದ ಮಧ್ಯಾಹ್ನವೆಲ್ಲ ‘ಒಂದು ಕೊಡ್ತೀಯಾ? ಒಂದು ಕೊಡ್ತೀಯಾ?’ ಎಂದು ಕೇಳುತ್ತಲೇ ಇರಬೇಕು. ಸಾಲ ವಸೂಲಿಗೆ ಬಂದವನ ಹಾಗೆ. ಹೊಸ ಕಾರ್ಡ್ ಓದುವಾಗ ನಾನೀಗ ಗಡಿಯಾರವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತೇನೆ. ನನ್ನ ಒಂದು ಸರದಿ ಹತ್ತು ನಿಮಿಷ ಹಿಡಿದರೆ ಮೂವರು ಹತ್ತು ನಿಮಿಷ ಸುಮ್ಮನೆ ಕೂರುತ್ತಾರೆ, ಅಂದರೆ ಅರ್ಧ ಗಂಟೆ ತಿಂದೆ.

‘ಇಷ್ಟೆಲ್ಲ ಅಳೆದು ತೂಗಿದರೆ ಆಟದ ಮಜಾ ಎಲ್ಲಿ? ಪೊಟ್ಟಣ ಹರಿಯುವಾಗಿನ ಎದೆಬಡಿತವೇ ಅರ್ಧ ಆಟ’ ಎನ್ನುತ್ತಾನೆ ನಮ್ಮ ಐಟಿ ಗೆಳೆಯ. ಸುಳ್ಳಲ್ಲ. ಸಂಬಳ ಬಂದ ದಿನ ನಾಲ್ವರೂ ಕೂತು ಒಂದೊಂದು ಪೊಟ್ಟಣ ಹರಿದರೆ ಅದು ಹಬ್ಬವೇ. ನಿರ್ದಿಷ್ಟ ಕಾರ್ಡ್ ಬೇಕೆಂದು ಪೊಟ್ಟಣ ಹರಿಯುವುದು ಮಾತ್ರ ಲಾಟರಿ. ಬೇಕಾದ್ದು ಒಂದಾದರೆ ಆ ಒಂದನ್ನೇ ಬಿಡಿಯಾಗಿ ಕೊಳ್ಳಬೇಕು, ಅದೂ ತಕ್ಷಣಕ್ಕಲ್ಲ.

ಯಾಕೆ ತಕ್ಷಣಕ್ಕಲ್ಲ ಅಂದರೆ, ನಾವೀಗ ಚೀಟಿ ಪದ್ಧತಿ ಶುರುಮಾಡಿದ್ದೇವೆ. ಹೊಸ ಕಾರ್ಡ್ ಇಷ್ಟವಾದರೆ ಅದರ ಹೆಸರು, ಬೆಲೆ, ಮಾಡುವ ಕೆಲಸ ಮೂರನ್ನೂ ಹಳೆ ನೋಟ್‌ಬುಕ್ಕಿನ ಹಾಳೆಯಲ್ಲಿ ಬರೆದು, ಬೇಡದ ಕಾರ್ಡಿನ ಮೇಲಿಟ್ಟು ಸ್ಲೀವ್‌ಗೆ ತುರುಕಿ ಆಡುವುದು. ಅಧಿಕೃತ ಪಂದ್ಯಗಳಲ್ಲಿ ಇದು ನಡೆಯದು. ಟೆರೇಸಿನಲ್ಲಿ ನಾಲ್ವರು ಒಪ್ಪಿದರೆ ಕೇಳುವವರಾರು? ಮೂರು ಭಾನುವಾರದ ಗಡುವು. ಕೈಗೆ ಬಂದಾಗ ಖುಷಿಯಾಯಿತೇ, ಹಿಂದೆ ಬಿದ್ದಿದ್ದಾಗ ಕೆಲಸಕ್ಕೆ ಬಂತೇ ಅಥವಾ ಗೆಲ್ಲುತ್ತಿದ್ದಾಗ ಮಾತ್ರ ಮೆರೆಯಿತೇ, ಎದುರಿನವರ ಮುಖ ಹೇಗಿತ್ತು ಎಂಬುದೆಲ್ಲ ಅಷ್ಟರಲ್ಲಿ ತಿಳಿಯುತ್ತದೆ. ಬಿಡುಗಡೆ ಹೊತ್ತಿನ ಗದ್ದಲವೂ ಇಳಿದಿರುತ್ತದೆ. ಕಳೆದ ಆರು ತಿಂಗಳಲ್ಲಿ ನಾನು ಹನ್ನೊಂದು ಚೀಟಿ ಬರೆದೆ. ಕೊಂಡದ್ದು ಎರಡು ಕಾರ್ಡ್.

ಉಳಿದ ಒಂಬತ್ತು ಯಾಕೆ ಬಿದ್ದವು ಎಂದರೆ ಬಹುತೇಕ ಒಂದೇ ಕಾರಣ. ಡೆಕ್‌ನಲ್ಲಿರುವುದು 100 ಜಾಗ, ಒಂದು ಒಳಗೆ ಬರಬೇಕಾದರೆ ಒಂದು ಹೊರಗೆ ಹೋಗಬೇಕು. ‘ಈ ಕಾರ್ಡ್ ಚೆನ್ನಾಗಿದೆಯೇ’ ಎಂದು ಕೇಳಿಕೊಂಡರೆ ಉತ್ತರ ಯಾವಾಗಲೂ ಹೌದು. ‘ಇದಕ್ಕಾಗಿ ಯಾವುದನ್ನು ತೆಗೆಯಲಿ’ ಎಂದು ಡೆಕ್ ಹರಡಿಕೊಂಡು ಕೂತಾಗ ಕೈ ನಡುಗುತ್ತದೆ. ಯಾವುದೋ ಸುಮಾರಾದ ಕಾರ್ಡ್, ಆದರೆ ಒಮ್ಮೆ ಸೋಲುವ ಆಟವನ್ನು ತಿರುಗಿಸಿ ಎಲ್ಲರನ್ನೂ ಕೂಗಾಡಿಸಿತ್ತು. ಅದನ್ನು ತೆಗೆಯಲು ಮನಸ್ಸು ಬರುವುದಿಲ್ಲ.

ಚೀಟಿ ಪದ್ಧತಿಯ ಸುದ್ದಿ ಹೇಳಿದ ಮೇಲೆ ಹಾಸನದ ಗೆಳೆಯ ಮತ್ತೆ ಬಂದ. ಬಹುಪಾಲು ಸಾಮಾನ್ಯ ದರ್ಜೆಯ ಕಾರ್ಡ್‌ಗಳದ್ದೇ ಕಪ್ಪು ಡೆಕ್ ಕಟ್ಟಿಕೊಂಡು ಬಂದಿದ್ದ, ಜೊತೆಗೆ ನಾಲ್ಕು ಚೀಟಿ. ಅವತ್ತು ವಿವಿ ಮತ್ತು ನಾನು ಕಿತ್ತಾಡಿ ಸುಸ್ತಾದ ಹೊತ್ತಿಗೆ ಅವನು ಗ್ರೇ ಮರ್ಚೆಂಟ್ ಇಳಿಸಿದ. ಗುರುತು ಎಣಿಸಿದ, ಒಂಬತ್ತು. ನನ್ನ ಬಳಿ ಉಳಿದಿದ್ದದ್ದು 8 ಜೀವ.

ಹೊಸ ಸೆಟ್‌ನ ಚಿತ್ರಗಳು ಮತ್ತೆ ಬರತೊಡಗಿವೆ. ನಿನ್ನೆ ಅವನು ಒಂದನ್ನು ಕಳಿಸಿ, ‘ಇದು ಹೆಂಗೆ?’ ಎಂದು ಕೇಳಿದ್ದ. ‘ಯಾವುದನ್ನ ತೆಗೀತೀಯ?’ ಎಂದು ಕೇಳಿದೆ. ಇನ್ನೂ ಉತ್ತರ ಬಂದಿಲ್ಲ.